ಮಗ್ಗದ ಕುಣಿ

ಮಗ್ಗದ ಕಟ್ಟಿಗಿ ಹುಬ್ಬಳ್ಳಿ ಹೋಟೆಲೊಂದರ ಗ್ವಾಡಿಗೆ
ಅಲಂಕಾರ ಆಗಿ ಹೋತು.
ಲಾಳಿ ಎರಡನ್ನೂ ಪೆನ್ನಿಡಾಕ ಚಲೋ ಅಂತ ಯಾರೋ ಒಯ್ದರು.
ಕುಣಿ ಮಾತ್ರ ಯಾರೂ ಕೊಳ್ಳಲಿಲ್ಲ.
ಕುಣಿ ಹೆಂಗ ಕೊಳ್ಳತಾರ?
ನಡುಮನಿಯೊಳಗ ಒಂದಲ್ಲ, ಎರಡು,
ಮೂರು ತಲಿಮಾರು ಕಾಲು ಇಳಿಬಿಟ್ಟು ಕುಂತ ಜಾಗ.

ನಡುವಿನ ಮಣ್ಣು ಒಡೆಸಿ ಎರಡನ್ನೂ ಕೂಡಿಸಿದೆ.
ತಾಡಪತ್ರಿ ಹಾಸಿದೆ. ನೀರು ತುಂಬಿದೆ.
ಬೆಟಗೇರಿಯಾಗ ನಳ ಬಂದ್ರ ಬಂತು,
ಎಂಟು ದಿನಕ್ಕೋ, ಹತ್ತಕ್ಕೋ;
ಇಂಥಲ್ಲಿ ಮೀನ ಸಾಕತೀನಿ ಅಂದ್ರ
ಓಣಿ ನಗದ ಇರತೈತೇನು?
ಅದರಾಗ ನಾವು ಬನಶಂಕರಿ ಒಕ್ಕಲು,
ಮೀನಿನ ವಾಸನಿಗೆ ಮೂಗು ಮುಚ್ಚೋರು.

'ಜಿಲೇಬಿ ಮೀನು' ಅಂದೆ.
ನಮ್ಮತ್ತಿ ಶಂಕ್ರವ್ವಗ ಅರ್ಧಾನೇ ಕೇಳಿಸ್ತು:
'ಸಕ್ಕರಿ ಬ್ಯಾನಿ ಇರೋ ಮನ್ಯಾಗ ಜಿಲೇಬಿ ಯಾಕವಾ?'

ಬೆರಳುದ್ದದ ಮರಿ ಅರವತ್ತು.
ಮೊದಲ ಹದಿನೈದು ದಿನದಾಗ ಹನ್ನೊಂದು ತೇಲಿದವು.
ನುಗ್ಗಿಗಿಡದ ಬುಡಕ್ಕ ಹೂತು ಬಂದು ಕೈ ತೊಳಕೊಂಡೆ,
ಎರಡು ಸಲ.

'ಅಮೋನಿಯಾ' ಅಂದ್ಲು ಖಾಜಾಬಿ ಮೊಮ್ಮಗಳು ತಬಸ್ಸುಮ್,
ಆ ವಿದ್ಯಾನ ಓದೋ ಹುಡುಗಿ.
ಗಾಜಿನ ನಳಿಗಿಗೆ ಹನಿ ಹಾಕಿ ಅಲ್ಲಾಡಿಸಿ
ಕಾರ್ಡಿನ ಮ್ಯಾಲಿನ ಹಸಿರುಗಳ ಜೋಡಿ ಹಿಡಿದು
ಇದೋ ಅದೋ ಅಂತ ಕಣ್ಣು ಕಿರಿದು ಮಾಡಿದ್ಲು.
ನಾ ಬಣ್ಣಗಾರನ ಮಗಳು.
ಬಾಗಲದಿಂದನ ಅಂದೆ:
'ಲಿಂಬಿ ಹಸಿರಿಗೆ ಒಂದು ಅದ್ದು ಹೆಚ್ಚಾಗೇತಿ.'

ಕಾಯಬೇಕಂತ. ಕಾದೆ.
ಜಲ್ಲಿಕಲ್ಲಿನ ಮ್ಯಾಲ ಕಣ್ಣಿಗೆ ಬೀಳದ ಜೀವ ಬಂದು
ಮನಿ ಹೂಡತಾವಂತ,
ಮೀನಿನ ಹೊಲಸು ಗಿಡದ ಊಟ ಮಾಡತಾವಂತ.
ನಲವತ್ತನೇ ದಿನ ನಳಿಗಿಯೊಳಗ
ಹಸಿರೆಲ್ಲಾ ಇಳಿದು ಬರೇ ಹಳದಿ.
ಅರಿಷಿಣದ ನೀರಿನಂಗ. ಶಾಸ್ತ್ರಕ್ಕಿಟ್ಟಂಗ.

ಈಗ ಪಂಪು ನೀರನ್ನ ಮಾಳಿಗಿಗೆ ಏರಸತೈತಿ,
ಅಲ್ಲಿ ಹಾಸಿನಂಗ ಬಿಗಿದ ಬಿಳಿ ಪೈಪಿನ ಸಾಲು,
ಹೊಕ್ಕಿನಂಗ ನೀರು, ಈ ಕಡಿಂದ ಆ ಕಡಿಗೆ,
ತಿರುಗಿ ಕುಣಿಗೆ.
ಪಾಲಕ ಬಂತು. ಪುದೀನಾ ಬ್ಯಾಡಂದ್ರೂ ಬಂತು.
ಶಂಕ್ರವ್ವ ಬೇರನ್ನ ಬೆರಳಾಗ ತಿಕ್ಕಿ ನೋಡಿ
'ನೂರರ ನಂಬರಿನ ನೂಲು' ಅಂದ್ಲು,
ಮತ್ತ ಮೆಲ್ಲಕ ಒಳಗ ಇಟ್ಲು, ಹರಿದೀತಂತ.

ಹತ್ತರಕಿ ಮಾತ್ರ ಒಲ್ಲೆ ಅಂತು.
ಎರಿಮಣ್ಣಿನ ಬಿರುಕು, ಜ್ವಾಳದ ನೆರಳು ಬೇಕು ಅದಕ್ಕ.
ಬಿಟ್ಟೆ.
ಎಲ್ಲಾರ್ನೂ ಪೈಪಿನಾಗ ಕೂಡಸಾಕ ಆಗಂಗಿಲ್ಲ.

ಶುಕ್ರವಾರ ಖಾಜಾಬಿ ಬುಟ್ಟಿ ಹಿಡಕೊಂಡು ಬರತಾಳ,
ದೊಡ್ಡವನ್ನ ಆಕೀನ ಆರಿಸಿ ಒಯ್ಯತಾಳ.
ನಾ ಆ ಹೊತ್ತಿಗೆ ಮಾಳಿಗಿ ಮ್ಯಾಲ ಇರತೀನಿ,
ಸೊಪ್ಪಿನ ಸಿವುಡು ಕಟ್ಟಿಕೋತ.
ರೊಕ್ಕ ಎಣಿಸಾಕ ಮಾತ್ರ ಇಳೀತೀನಿ.
ಇದನ್ನ ಯಾರಿಗೂ ಹೇಳಿಲ್ಲ, ಇಲ್ಲಿ ಹೇಳಾಕತ್ತೀನಿ.

ಕಾರಹುಣ್ಣಿವಿ ಮುಂದ ಒಂದಿನ
ಗಾಳಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟಿತು.
ಪಂಪಿನ ಸದ್ದು ನಿಂತಾಗ ಗೊತ್ತಾತು
ಆ ಸದ್ದಿನೊಳಗ ನಾವು ನಿದ್ದಿ ಮಾಡತಿದ್ದಿವಿ ಅಂತ.
ಬ್ಯಾಟರಿ ಬೆಳಕಿಗೆ ನೋಡಿದ್ರ
ನೀರಿನ ತುಂಬ ಬಾಯಿ.
ಗುಂಡಗ, ಮ್ಯಾಲಕ, ಏನೂ ಕೇಳದ ಬಾಯಿ.

ತಂಬಿಗಿ ತುಂಬಿ ಎತ್ತರದಿಂದ ಸುರಿವಿದೆ.
ಮತ್ತ ತುಂಬಿದೆ, ಮತ್ತ ಸುರಿವಿದೆ.
ಎರಡು ಗಂಟೆಕ್ಕ ಭುಜ ಬಿದ್ದು ಹೋತು.

ಗ್ವಾಡಿ ಹಿಡಕೋತ ಶಂಕ್ರವ್ವ ಬಂದ್ಲು.
ಸೀರಿ ಮೊಳಕಾಲಿಗೆ ಏರಿಸಿ
ಕುಣಿ ದಂಡಿಗೆ ಕುಂತ್ಲು, ತನ್ನ ಹಳೇ ಜಾಗದಾಗ.
ಯಾರೂ ಹೇಳಲಿಲ್ಲ.
ಬಲಗಾಲು ಒತ್ತಿದ್ಲು. ಎಡಗಾಲು ಒತ್ತಿದ್ಲು.
ನೀರು ಒಡೀತು, ಕೂಡ್ತು, ಒಡೀತು.
ಹನ್ನೆರಡು ವರ್ಷ ಸುಮ್ಮನಿದ್ದ ಕಾಲು
ಒಂದೂ ಹೆಜ್ಜಿ ತಪ್ಪಲಿಲ್ಲ.

ಬೆಳಗಿನ ಜಾವ ತಂಬಿಗಿ ಇಳಿಸಿ ಕೇಳಿದೆ,
'ಸಾಕೇನತ್ತಿ, ಕಾಲು ನೋಯಂಗಿಲ್ಲ?'

'ತಡಿ' ಅಂದ್ಲು,
'ಇನ್ನೊಂದು ಗೇಣು ಐತಿ.'

ಸ್ವಲ್ಪ ಹೊತ್ತಿನ ಮ್ಯಾಲ, ಕತ್ತಲದಾಗ, ನಗೀನ ತಡಕೋತ:
'ನಿನ್ನ ಜಿಲೇಬಿ ಕಾಲಿಗೆ ಕಚಗುಳಿ ಇಡಾಕತ್ತಾವ.'