ಒಂದು ಹಿಡಿ ಬಾರ್ಲಿ

ಡೆಬ್ರೆ ಬಿರ್ಹಾನಿನ ಚಳಿ ಮೂಳೆಗೆ ಹತ್ತುವ ಚಳಿ.
ಆದರೂ ದೊಡ್ಡ ಉಪವಾಸದ ಕೊನೆಯ ವಾರಗಳಲ್ಲಿ
ನನ್ನ ಗಿರಣಿಗೆ ಬಂದವರು ಬೆವರುತ್ತಾರೆ.
ಬೆಲ್ಟು ತಿರುಗಿದರೆ ಸಾಕು,
ಬೀದಿಯ ಆಚೆ ಬದಿ ಕಟ್ಟಿದ ಕತ್ತೆಯೂ ಸೀನುತ್ತದೆ.

ಇಪ್ಪತ್ತಾರು ವರ್ಷದಿಂದ ಮೂಗಿಗೆ ಬಟ್ಟೆ ಕಟ್ಟಿದವನು ನಾನು.
ಮುಖ ನೋಡಿ ಗುರುತು ಹಿಡಿಯುವುದು ಕಮ್ಮಿ,
ಚೀಲದ ಬಾಯಿ ಬಿಚ್ಚಿದರೆ ಹೆಸರು ಹೇಳುತ್ತೇನೆ.
ಮೆಂತ್ಯ ಸೀದದ್ದು ಪಾದ್ರಿಯ ಹೆಂಡತಿಯದು.
ಉಪ್ಪು ಮುಂದಾದದ್ದು ಲಾರಿ ಗೆಟಾಹುನನ ಅತ್ತೆಯದು.
ಬೆಳ್ಳುಳ್ಳಿ ಇನ್ನೂ ಹಸಿಯಾಗಿದ್ದರೆ
ಹೊಸದಾಗಿ ಮದುವೆಯಾದವಳು ಯಾರೋ;
ಇನ್ನೆರಡು ಬಿಸಿಲು ತೋರಿಸು ತಾಯಿ, ಎಂದು ವಾಪಸು ಕಳಿಸುತ್ತೇನೆ.

ಅಸ್ನಾಕೆಚಳದು ಕಣ್ಣು ಮುಚ್ಚಿಯೂ ಗೊತ್ತು.
ಒಂದೊಂದೇ ಮೆಣಸಿನಕಾಯಿಯ ತೊಟ್ಟು ಮುರಿದು,
ಅರ್ಧ ಬೀಜ ಕೊಡವಿ, ಶುಂಠಿ ತುಳಸಿಯ ಜೊತೆ ಒರಳಲ್ಲಿ ಜಜ್ಜಿ,
ಮೂರು ದಿನ ಮುಚ್ಚಿಟ್ಟು, ಚಾಪೆಯ ಮೇಲೆ ಹರವಿ,
ಕೋಳಿ ಬಾರದಂತೆ ಕೋಲು ಹಿಡಿದು ಕಾಯುತ್ತಾಳೆ
(ಈ ಖಾರ ತನಗೇ ಎಂದು ಕೋಳಿಗೇನು ಗೊತ್ತು).
ನಾಗದಾಳಿ ಧಾರಾಳ. ಕೊರೆರಿಮ ಎಂಬ ಕಾಡು ಏಲಕ್ಕಿಗೆ ಮಾತ್ರ
ಕೈ ಬಿಗಿ.

ತಂಗಿ ಬಿರ್ಕೆಯದು ತಿರುಗುಮುರುಗು.
ಕೊರೆರಿಮ ಹುರಿದು ಬೊಗಸೆ ಬಿಚ್ಚಿ ಸುರಿಯುತ್ತಾಳೆ,
ಚೀಲದೊಳಗೆ ಯಾರೋ ಕಾಡು ಹೊಕ್ಕಂತೆ ವಾಸನೆ.
ಅಮ್ಮನ ಕರಿ ಮಡಕೆ ಯಾರಿಗೆ ಎಂಬ ಮಾತಿಗೆ
ಮಾತು ಬಿಟ್ಟು ಒಂಬತ್ತು ವರ್ಷ.
ಮಡಕೆ ಯಾವತ್ತೋ ಒಡೆಯಿತು.
ಮಾತು ಕೂಡಲಿಲ್ಲ.

"ನನ್ನದಕ್ಕೆ ಮುಂಚೆ ಕಲ್ಲು ಶುದ್ಧ ಮಾಡು" ಎನ್ನುತ್ತಾಳೆ ಇವಳು.
ಅವಳೂ ಅದನ್ನೇ, ಅದೇ ದನಿಯಲ್ಲಿ.
ನನ್ನ ಖರ್ಚಿನ ಒಂದು ಹಿಡಿ ಬಾರ್ಲಿ ಹಾಕಿ ಓಡಿಸುತ್ತೇನೆ;
ಕಲ್ಲಿಗಂಟಿದ್ದೆಲ್ಲ ಕಳಚಿ ಕೆಂಪಾಗಿ ಇಳಿಯುತ್ತದೆ.
ಆ ಹಿಟ್ಟಿನ ಗಂಜಿಯೇ ನನ್ನ ರಾತ್ರಿಯ ಊಟ.
ಊರಿನ ಅಷ್ಟೂ ಮನೆಗಳ ಖಾರ
ಚೂರು ಚೂರು ತಿಂದವನು ನಾನೊಬ್ಬನೇ.

ಈ ಸಲ, ಗುರುವಾರ,
ಬಿರ್ಕೆಯ ಚೀಲ ಅರ್ಧ ಇಳಿದಿತ್ತು, ಕರೆಂಟು ಹೋಯಿತು.
ಬಂದಷ್ಟೇ ಸಾಕೆಂದು ಕಟ್ಟಿಕೊಂಡು ಹೋದಳು.
ದೀಪ ಬಂದದ್ದು ಕತ್ತಲಾದ ಮೇಲೆ. ಸಾಲಿನಲ್ಲಿ ಮೊದಲು ಅಸ್ನಾಕೆಚ್.
ಬಾರ್ಲಿ ಡಬ್ಬ ಖಾಲಿಯಿತ್ತು ಎನ್ನಬಹುದು.
ಇರಲಿಲ್ಲ. ತುಂಬಿತ್ತು.
ಕೈ ಹೋಗಲಿಲ್ಲ, ಅಷ್ಟೆ.

ಹಬ್ಬ ಕಳೆದ ಮಂಗಳವಾರ ಬಂದಳು, ಚೀಲವಿಲ್ಲದೆ.
"ಹುಂಜ ನಿಂಬೆ ಉಪ್ಪಿನಲ್ಲಿ ಏಳು ನೀರು ಕಂಡಿತ್ತು.
ಈರುಳ್ಳಿ ಎಣ್ಣೆ ಸೋಕದೆ ಬೆಂದು ಬೆಂದು
ಆಕಾರವೇ ಬಿಟ್ಟಿತ್ತು.
ಹನ್ನೆರಡು ತುಂಡು, ಹನ್ನೆರಡು ಮೊಟ್ಟೆ, ಎಲ್ಲ ನನ್ನ ಲೆಕ್ಕವೇ.
ಖಾರ ಮಾತ್ರ ನನ್ನದಲ್ಲ."

ಸುಮ್ಮನಿದ್ದೆ. ಬೆಲ್ಟಿಗೆ ಎಣ್ಣೆ ಬಿಡುವವನಂತೆ ನಟಿಸಿದೆ.

"ಇಗರ್ಜಿಯಿಂದ ಬಂದು ನಡುರಾತ್ರಿ ಎಲ್ಲರೂ ಕೂತರು.
ಗಂಡ ಇಂಜೆರಾ ಮುರಿದು ಎರಡು ಸಲ ಬಡಿಸಿಕೊಂಡ,
ಚೆನ್ನಾಗಿದೆ ಅನ್ನಲಿಲ್ಲ, ಬರೇ ಬಡಿಸಿಕೊಂಡ.
ಅದಕ್ಕೇ ನನಗೆ ಸಿಟ್ಟು.
ಬೀಸುವುದು ನಿನ್ನ ಕೆಲಸ,
ಬೆರೆಸುವುದಲ್ಲ."

ಕಾಲು ಗಂಟೆ ಬೈದಳು. ತಕ್ಕದ್ದೇ.
ಹೊಸ್ತಿಲವರೆಗೆ ಹೋದವಳು ನಿಂತು,
ಬೆನ್ನು ಹಾಕಿಕೊಂಡೇ ಕೇಳಿದಳು:
"ಒಂದು ಕಿಲೋಗೆ ಎಷ್ಟು ಹಾಕುತ್ತಾಳೆ, ಆ ಕೊರೆರಿಮ?"

ಬೀಸಿದ್ದನ್ನು ಹೇಳುವ ಬಾಯಿ ಗಿರಣಿಗಿಲ್ಲ, ಎಂದೆ.
ಬಾವಿಯ ಹಿಂದಿನ ನೀಲಿ ತಗಡಿನ ಬಾಗಿಲು, ಅಲ್ಲಿ ಕೇಳು.

ಅಷ್ಟರಲ್ಲಿ ಯಾರದೋ ಚೀಲ ಬಾಯಿ ಬಿಚ್ಚಿತು, ಘಾಟು ಏರಿತು.
ಅವಳು ಯಾವ ಕಡೆ ತಿರುಗಿದಳೆಂದು
ಇಣುಕಿ ನೋಡಬೇಕೆನ್ನುವಷ್ಟರಲ್ಲಿ
ಸೀನು ಬಂತು.