ಹನ್ನೆರಡನೆಯ ಕಲ್ಲು

ನಾಪೋಕ್ಲು ಶಾಲೆಯಲ್ಲಿ, ಕೊನೆಯ ಬೆಲ್ಲಾದ ಮೇಲೆ
ನಾಲ್ಕನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ.
ಒಂದು ಮಗು ಬರೆದಿತ್ತು:
‘ತಾಯಿ ಎಂದರೆ ಅಪ್ಪನ ಅವ್ವ.’
ಕೆಂಪು ಪೆನ್ನು ಅಲ್ಲೇ ನಿಂತಿತು.

ಇದೇ ತಪ್ಪಿಗೆ ನಾನೂ
ಬೆಂಚಿನ ಮೇಲೆ ನಿಂತವಳು, ಒಂದು ಪೀರಿಯಡ್ ಪೂರ್ತಿ.
ಮನೆಗೆ ಬಂದು ಕೇಳಿದ್ದೆ: ತಾಯೀ, ನೀನು ಯಾರು?
ತಾಯಿ ಒಲೆ ಊದುತ್ತ, ಕೊಡವ ತಕ್ಕಿನಲ್ಲಿ,
‘ನಿನ್ನ ಮೇಷ್ಟ್ರನ್ನೇ ಕೇಳು, ಅವರಿಗೆ ಎಲ್ಲ ಗೊತ್ತಲ್ಲ’ ಅಂದಿದ್ದಳು.
ಮನೆಯೊಳಗೆ ‘ನಾಡ’ ಎಂದರೆ ನನ್ನ.
ಹೊಸ್ತಿಲು ದಾಟಿದರೆ ಅದೇ ಮಾತು ಇಡೀ ಸೀಮೆಯದು.
ನನ್ನದು ಯಾವುದು, ಊರಿನದು ಯಾವುದು,
ಈಗಲೂ ಒಮ್ಮೊಮ್ಮೆ ತಡವರಿಸುತ್ತೇನೆ,
ಕನ್ನಡ ಕಲಿಸಿಯೇ ಅನ್ನ ಉಣ್ಣುತ್ತಿದ್ದರೂ.

ಸೀರೆಯ ನೆರಿಗೆ ಬೆನ್ನ ಹಿಂದೆ ಸಿಕ್ಕಿಸುವುದನ್ನು
ತಾಯಿ ಕಲಿಸಿದ್ದು ಕನ್ನಡಿಯಿಲ್ಲದೆ.
‘ಕಾಣದ ಕಡೆ ಸರಿಯಿರಲಿ. ಕಾಣುವುದು ತಾನೇ ನಿಲ್ಲುತ್ತೆ.’

ಮದುವೆಯ ದಿನ, ನೆಲ್ಲಕ್ಕಿಯ ತೂಗುದೀಪದ ಕೆಳಗೆ
ಎರಡು ಕಡೆಯ ಅರುವರು ಎದುರುಬದುರು ನಿಂತರು.
ಸಮ್ಮಂದ ಕೊಡುವ ಹೊತ್ತು.
ನಮ್ಮ ಬಿದ್ದಪ್ಪಜ್ಜ ಹನ್ನೆರಡು ಕಲ್ಲು ಎಣಿಸಿ
ಹನ್ನೊಂದನ್ನು ಅವರ ಕೈಗೆ ಹಾಕಿದ.
ಒಂದನ್ನು ಉಳಿಸಿಕೊಂಡ,
ಹುಡುಗಿ ತಿರುಗಿ ಬಂದರೆ ಇರಲಿ ಅಂತ.
ನೆಲ್ಲಿಮಕ್ಕಂಡ ದೇಯವ್ವ ಅಂದು ಸಂಜೆಗೆ
ಪೊರೆಕೋಟಿರ ದೇಯವ್ವ ಆದಳು.
ಅವರ ಬಾವಿಯ ನೀರು ತಲೆ ಮೇಲೆ ಹೊತ್ತು
ದಾರಿಗಡ್ಡ ಕುಣಿಯುವ ನೆಂಟರ ನಡುವೆ
ಗೇಣು ಗೇಣೇ ನಡೆದೆ, ಒಂದು ಹನಿ ಚೆಲ್ಲಲಿಲ್ಲ.
ಚೆಲ್ಲಿದ್ದು ಆರು ವರ್ಷದ ಮೇಲೆ.
ಅದನ್ನಿಲ್ಲಿ ಬರೆಯುವುದಿಲ್ಲ.

ಬಂದೆ. ಒಂದು ಪೆಟ್ಟಿಗೆ, ಎರಡು ಹೆಸರು.
ಬ್ಯಾಂಕಿನವರು ಒಂದನ್ನು ಕೇಳಿದರು,
ರೇಷನ್ ಕಾರ್ಡಿನವರು ಇನ್ನೊಂದನ್ನು.
ಒಕ್ಕದವರು ಏನೂ ಕೇಳಲಿಲ್ಲ. ಪುತ್ತರಿಯ ರಾತ್ರಿ
ಕದಿರು ಕೈಯಿಂದ ಕೈಗೆ ಬಂತು,
ನನ್ನವರೆಗೆ ಬರುವಷ್ಟರಲ್ಲಿ ಮುಗಿದಿತ್ತು.
ಯಾರೂ ಬೇಕೆಂದು ಮಾಡಿದ್ದಲ್ಲ. ಇರಬಹುದು.

ಬಿದ್ದಪ್ಪಜ್ಜನ ಮನೆಗೇ ಹೋಗಿ ಕೇಳಿದೆ: ನನ್ನ ಕಲ್ಲೆಲ್ಲಿ?
ತೊಂಬತ್ತರ ಮುದುಕ ಜೇಬು ತಡವಿದ.
ನಶ್ಯದ ಡಬ್ಬಿ ಸಿಕ್ಕಿತು.
‘ಎಷ್ಟು ಮದುವೆಗೆ ನಿಂತೆನೋ ಮಗಳೇ!
ಊಟಕ್ಕೆ ಕೂರುವ ಮುಂಚೆ ನಿಮ್ಮ ಅಂಗಳಕ್ಕೇ ಎಸೆದೆ.
ಅಲ್ಲೇ ಇರುತ್ತೆ ನೋಡು. ಕಲ್ಲು ಎಲ್ಲಿಗೆ ಹೋಗುತ್ತೆ?’

ಅಂಗಳದ ತುಂಬ ಕಲ್ಲು.
ಕಾಫಿ ಹರಡಿ, ಬಾಚಿ, ಗುಡಿಸಿ ಉಳಿದವು.
ಅಪ್ಪನ ಅಕ್ಕಂದಿರವು, ಅಜ್ಜನ ತಂಗಿಯರವು,
ಒಮ್ಮೆಯೂ ತಿರುಗಿ ಬಾರದವರವು,
ಬರಬೇಕೆಂದು ಗೇಟಿನ ತನಕ ಬಂದವರವು.
ಬಗ್ಗಿ ಒಂದನ್ನು ಆರಿಸಿದೆ.
ನನ್ನದಲ್ಲದೆಯೂ ಇರಬಹುದು.
ಬಿಸಿಲಿಗೆ ಬೆಚ್ಚಗಿತ್ತು.

ಈಗದು ಮೇಜಿನ ಮೇಲಿದೆ, ಹಾಳೆ ಹಾರದ ಹಾಗೆ.
ಮಗುವಿಗೆ ಅರ್ಧ ಅಂಕ ಹಾಕಿದೆ.
ಉಳಿದರ್ಧಕ್ಕೆ ಅಂಚಿನಲ್ಲಿ, ಸಣ್ಣದಾಗಿ, ಕೇಳಿದೆ:
ನಿನ್ನ ತಾಯಿಯ ಹೆಸರೇನು?