ಷರಾ

ಇಮ್ದಾದ್ ಮೂರು ಹೆಸರು ತಂದಿದ್ದ
ಜೆರಾಕ್ಸ್ ಅಂಗಡಿಯ ರಸೀತಿಯ ಬೆನ್ನಿಗೆ ಬರೆದು.
ಒಂದು ಪುಕ್ಕಟೆ. ಒಂದಕ್ಕೆ ವರ್ಷವರ್ಷ ಬಾಡಿಗೆ.
ಇನ್ನೊಂದೂ ಪುಕ್ಕಟೆಯೇ, ಆದರೆ
ಸಾಕಿಕೊಳ್ಳಬೇಕು ಮೇಡಂ, ಹಸುವಿನ ಹಾಗೆ,
ಹೊತ್ತಿಗೆ ಸರಿಯಾಗಿ ನೋಡದಿದ್ದರೆ ಒದೆಯುತ್ತದೆ.

ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ಗ್ರಂಥಾಲಯ.
ಕನ್ನಡಕ್ಕೊಂದು ಗೋಡೆ, ತೆಲುಗಿಗೊಂದು ಗೋಡೆ,
ನಡುವಿನ ಬೀರುವಿನಲ್ಲಿ ಉರ್ದು.
ಇಲ್ಲಿಯವರು ತೆಲುಗಿನಲ್ಲಿ ಕೇಳಿ
ಕನ್ನಡದ್ದು ಒಯ್ಯುತ್ತಾರೆ.
ಇನ್ನು ಮೇಲೆ ಮನೆಯಲ್ಲೇ ಕೂತು
ಪುಸ್ತಕ ಇದೆಯೋ ಇಲ್ಲವೋ ನೋಡಬೇಕಂತೆ.
ಮೇಲಿನವರ ಪತ್ರ ಬಂದಿದೆ.

ಕಮಿಟಿಯ ಸುಬ್ರಾಯ ಶೆಟ್ಟರು ಬಾಡಿಗೆಯದ್ದರ ಪರ.
ಮೊದಲ ಪುಟದಲ್ಲಿ ಚಿತ್ರ ತಾನಾಗಿ ಜರುಗುತ್ತದಲ್ಲ,
ಕಮಿಟಿಯವರ ಫೋಟೊಗೆ ಒಳ್ಳೆಯದು.

ನಾನು ಒಂದು ಪದ ಕೊಟ್ಟೆ: ಅರ್ಥ.
ಮೊದಲನೆಯದು ಅರ್ಕಾವತ್ತನ್ನು ಕಿತ್ತು
ಬಾಗಿಲಾಚೆ ಚಪ್ಪಲಿ ಬಿಟ್ಟ ಹಾಗೆ ಬಿಟ್ಟಿತು.
ಪರದೆಯ ಮೇಲೆ, ಅಥರ್.
ಅತ್ತರು ಮೇಡಂ! ಇಮ್ದಾದ್ ಮೂಗಿಗೆ ಕೈ ಒಯ್ದ.
ಅದನ್ನು ಅಲ್ಲಿಗೇ ಮುಚ್ಚಿದೆವು.

ಬಾಡಿಗೆಯದ್ದು ಚೆನ್ನಾಗಿಯೇ ಬರೆಯಿತು.
ಅಟೆಂಡರ್ ಚೌಡರೆಡ್ಡಿ ಒಂದೇ ಬೆರಳಲ್ಲಿ ಹುಡುಕಿದ: ಕತೆ.
ಇಲ್ಲ, ಅಂದಿತು.
ನಾನು ಹೊಟ್ಟೆ ಸೀಳಿ ಕಥೆ ಎಂದೆ.
ಆರು ನೂರ ಹನ್ನೆರಡು, ಅಂದಿತು.
ಮಹಾಪ್ರಾಣ ಇಲ್ಲದವನಿಗೆ ಪುಸ್ತಕವಿಲ್ಲ
ಎಂದು ಬೋರ್ಡು ಹಾಕಿಸೋಣವೇ ಶೆಟ್ಟರೇ?
ಅವರು ಜರುಗುವ ಚಿತ್ರವನ್ನೇ ನೋಡುತ್ತಿದ್ದರು.

ಉಳಿದದ್ದು ಹಸು.
ಕತೆ ಎಂದರೂ ಕೊಟ್ಟಿತು, ಕಥೆ ಎಂದರೂ ಕೊಟ್ಟಿತು.
ಸರಿ, ರಿಜಿಸ್ಟರ್ ತನ್ನಿ ಎಂದ ಇಮ್ದಾದ್.
ನಂಬರು, ಹೆಸರು, ಬರೆದವರು, ಬೆಲೆ,
ಒಂದೊಂದಕ್ಕೂ ಗೂಡು ತೋರಿಸುತ್ತ ಬಂದವನು
ಕೊನೆಯ ಕಾಲಮ್ಮಿಗೆ ನಿಂತ.
ಷರಾ ಅಂದರೇನು? ಇದು ಬೇಡ ಅಲ್ಲವೇ?

ನೇರಳೆ ಶಾಯಿ. ನನಗಿಂತ ಹಿಂದಿದ್ದವರ ಕೈ.

೧೪೦೨. ಪುಟ ೪೧ ಇಲ್ಲ. ಹರಿದವನು ಒಪ್ಪಿದ್ದಾನೆ, ಅದರಲ್ಲಿ ಮೈಸೂರುಪಾಕಿತ್ತು.
೨೨೧೬. ಸಾರಿನ ಕಲೆ. ಬಾಣಂತಿ. ದಂಡ ಮಾಫಿ.
೩೦೭೧. ರೇಷ್ಮೆ ಹುಳು ಸಾಕಣೆ. ಗಂಗುಲಪ್ಪ, ಏಳನೇ ಸಲ. ಓದಲು ಬಾರದು. ಚಿತ್ರ ನೋಡುತ್ತಾನೆ.
೫೨೯೦. ವಾಪಸು. ಹತ್ತೊಂಬತ್ತು ವರ್ಷದ ಮೇಲೆ, ಅಂಚೆಯಲ್ಲಿ, ಹೆಸರಿಲ್ಲದೆ.
೬೬೧೩. ಇದನ್ನು ನಾನೇ ಕಳೆದೆ. ಸಂಬಳದಲ್ಲಿ ಹಿಡಿದಿದೆ.

ಟೊಮೆಟೊ ಲಾರಿಯೊಂದು ಹಾರನ್ನು ಹೊಡೆಯುತ್ತಲೇ ಇತ್ತು.

ಬಾಡಿಗೆಯದ್ದಕ್ಕೆ ಕಾಲಂ ಒಂದಕ್ಕೆ ಬೇರೆ ದುಡ್ಡು.
ಹಸುವಿನದ್ದಾದರೆ ನಾವೇ ಒಂದು ಗೂಡು ಕಟ್ಟಬಹುದು, ಅಂದ.
ಎಷ್ಟಕ್ಷರದ್ದು?
ನಮಗೆ ಒಂದೇ ಅಕ್ಷರವಾದ ‘ಸ್ತ್ರೀ’
ಅದರ ಲೆಕ್ಕದಲ್ಲಿ ಆರಂತೆ.
ಹಾಗಾದರೆ ದೊಡ್ಡದೇ ಕಟ್ಟಪ್ಪ ಎಂದೆ.

ಆಮೇಲೆ ಗಂಗುಲಪ್ಪ ಅಡ್ಡ ಬಂದ.
ಅವನ ಮೊಮ್ಮಗಳು ನಮ್ಮ ಫ್ಯಾನಿನ ಕೆಳಗೇ ಕೂತು
ಕೆಎಎಸ್‌ಗೆ ಓದುತ್ತಾಳೆ.
ಊರೆಲ್ಲ ನೋಡುವ ಕಡೆ
ಓದಲು ಬಾರದು ಎಂದು ಹಾಕುವುದೇ?
ಪುಸ್ತಕದಲ್ಲಿ ಇದ್ದಾಗ ಅದು ಮಾತು,
ಪರದೆಗೆ ಬಂದರೆ ಸಾರಿದ ಹಾಗೆ.
ಎರಡು ದಿನ ಆ ಸಾಲು ಖಾಲಿ ಬಿಟ್ಟೆ.
ಮೂರನೆಯ ದಿನ ತುಂಬಿದೆ:
ಓದುಗರೊಬ್ಬರು, ಏಳು ಸಲ.

ನೇರಳೆ ಶಾಯಿಯದ್ದು ಬೀರುವಿನಲ್ಲೇ ಇದೆ.
ಬೀಗದ ಕೈ ಕೇಳಿದರೆ ಕೊಡುತ್ತೇನೆ.

ಶೆಟ್ಟರು ಸಹಿ ಹಾಕುತ್ತ ಕೇಳಿದರು,
ದಿನಾ ಇದರ ಹಿಂದೆ ಬೀಳುವವರು ಯಾರಮ್ಮ?
ಚೌಡರೆಡ್ಡಿ ಏಣಿಯ ಮೇಲಿಂದಲೇ,
ಮನೆಯಾಗೆ ಮೂರವೆ, ಇದೊಂದು ನಾಕನೇದು ಬಿಡಿ.

ಸೋಮವಾರ ಅವನದೇ ಮೊದಲ ದಾಖಲೆ.
ಒಂದು ಬೆರಳು, ಇಪ್ಪತ್ತು ನಿಮಿಷ.
ಷರಾ ಗೂಡಿನಲ್ಲಿ:
ಪುಟ ಸರಿಯಾಗವೆ. ಇಲಿ ಅವೆ.